ಇಳಿಸಿದ ಶ್ರುತಿ

"ಯಾರ್ರೀ ಇದನ್ನ ಮುಟ್ಟಿದ್ದು?!"

ವೇದಿಕೆಯಿಂದ ಬಂದ ಆ ದನಿಗೆ, ಆಗಷ್ಟೇ ಸಭಾಂಗಣದೊಳಗೆ ಬಂದ ಅವಳ ಕೈಲಿದ್ದ ಕಾಫಿ ತುಳುಕಿತು.

ನಿನ್ನೆ ಮಧ್ಯಾಹ್ನ ಕೂತು ಆ ಹಳೇ ಪಿಯಾನೋಗೆ ಶ್ರುತಿ ಕೂರಿಸಿದವಳು ಅವಳೇ. ಬೆಳಿಗ್ಗೆ ಮತ್ತೆ ಬಂದಿದ್ದು ಒಂದು ಸಲ ನೋಡಿ ಹೋಗೋಣ ಅಂತ... ಸುಳ್ಳೇಕೆ, ಯಾರಾದರೂ ಒಂದು ಒಳ್ಳೇ ಮಾತು ಹೇಳಲಿ ಅಂತ!

"ನಾನೇ," ಅಂದಳು ತಲೆಯೆತ್ತಿ. "ಇಲ್ಲಿನ ಮ್ಯಾನೇಜರ್ ಕರೆಸಿದ್ರು. ಶ್ರುತಿ ಪೂರ್ತಿ ಇಳಿದು ಸತ್ತೇ ಹೋಗಿತ್ತು ಅದು. ಜೀವ ಕೊಟ್ಟಿದ್ದೀನಿ."

ಪಿಯಾನೋ ಮುಂದೆ ನಿಂತಿದ್ದವನು ತಿರುಗಿದ. ಸಂಜೆಯ ಜಾಜ್ ಕಾರ್ಯಕ್ರಮದ ಪಿಯಾನೋ ವಾದಕ ಅವನು, ತಂಡ ಕಟ್ಟಿದವನೂ ಅವನೇ. ನಿದ್ದೆಗೆಟ್ಟ ಕಣ್ಣು, ಗುಂಡಿ ತಪ್ಪಾಗಿ ಹಾಕಿಕೊಂಡ ಅಂಗಿ.

"ಸತ್ತಿದ್ದು ಪಿಯಾನೋ ಅಲ್ಲ ರೀ..."

ದನಿ ಅಲ್ಲೇ ಒಡೆಯಿತು. ಅವಳ ಪಕ್ಕದಿಂದಲೇ ದಡದಡ ಹೊರಟುಹೋದ.

ಇದೊಳ್ಳೆ ಕಥೆ! ಒಳ್ಳೇದು ಮಾಡಿದ್ದಕ್ಕೆ ಬೈಗುಳ. ಎಂಥ ಸೊಕ್ಕು...

"ಬಾಮ್ಮ ಇಲ್ಲಿ." ಡ್ರಮ್ಸ್ ನುಡಿಸುವ ಹಿರಿಯರು ಕರೆದರು. ತಂಡದವರಿಗೆಲ್ಲ ಅವರು ಮಾವ. "ಬೈಯೋದಾದ್ರೆ ಆಮೇಲೆ ಬೈಕೋ. ಮೊದಲು ಇದನ್ನ ನೋಡು."

ವೇದಿಕೆಯ ಹಿಂದಿನ ದೊಡ್ಡ ಪರದೆಯಲ್ಲಿ ಒಂದು ವಿಡಿಯೊ ಬೆಳಗಿತು. ಒಂದು ಕೋಣೆ, ಅರ್ಧ ಮಡಚಿಟ್ಟ ಬಟ್ಟೆಯ ರಾಶಿ, ಪಿಯಾನೋ ಮುಂದೆ ಬೆನ್ನು ತೋರಿಸಿ ಕೂತ ಹೆಂಗಸು. ಇದೇ ಪಿಯಾನೋ! "ಬಾರೋ ಮರಿ, ನನ್ನ ಎಡಗಡೆ ಕೂತ್ಕೋ," ಎಂದು ತಿರುಗದೆಯೇ ಕರೆದು, ಆಕೆ ನುಡಿಸತೊಡಗಿದರು.

"ಅವನ ತಾಯಿ. ತೀರ್ಕೊಂಡು ಹತ್ತು ವರ್ಷ ಆಯ್ತು. ಆ ಮನೆ ಕೆಡವಿ ಈಗ ಅಲ್ಲಿ ಕಾರು ನಿಲ್ಲಿಸ್ತಾರೆ. ಉಳಿದಿದ್ದು ಈ ಪಿಯಾನೋ, ಈ ವಿಡಿಯೊ, ಅಷ್ಟೇ. ಮನೆ ಅಂದ್ರೇನು ಅನ್ನೋದೇ ಇವತ್ತಿನ ಕಾರ್ಯಕ್ರಮ. ಕೊನೇ ಹಾಡಿಗೆ ಪರದೇಲಿ ಅಮ್ಮ, ಇಲ್ಲಿ ಮಗ, ಇಬ್ಬರೂ ಒಟ್ಟಿಗೆ. ಅದಕ್ಕೇ ವಿಡಿಯೊದಲ್ಲಿರೋ ಆ ಇಳಿದ ಶ್ರುತೀನ ಹಾಗೇ ಕಾಪಾಡ್ಕೊಂಡು ಬಂದಿದ್ದ. ನಾವೂ ನಮ್ಮ ವಾದ್ಯಗಳನ್ನ ಅದಕ್ಕೇ ಹೊಂದಿಸ್ಕೊಂಡಿದ್ವಿ."

ಅವಳು ಒಂದು ಕೀ ಒತ್ತಿದಳು. ಪರದೆಯ ಸ್ವರದ ಜೊತೆ ಅದು ಕಿವಿ ಕೊಯ್ಯುವಂತೆ ತಾಕಲಾಡಿತು.

ಅಯ್ಯೋ... ನಾನೇನು ಮಾಡಿಬಿಟ್ಟೆ!

"ವಿಡಿಯೊದ ಶ್ರುತೀನೇ ಕಂಪ್ಯೂಟರಲ್ಲಿ ಏರಿಸೋಕಾಗಲ್ವಾ?"

"ಹಿಂದೊಮ್ಮೆ ಏರಿಸಿದ್ವಿ. ಅಮ್ಮನ ದನಿ ಬೇರೆ ಯಾರದ್ದೋ ಥರ ಆಯ್ತು. ಇವನು ಎದ್ದೇ ಹೋದ."

ಅವಳು ಕಾಫಿ ಲೋಟ ಕೆಳಗಿಟ್ಟು ಅಂಗಿಯ ತೋಳು ಮಡಚಿದಳು. ಇನ್ನೂರಕ್ಕೂ ಹೆಚ್ಚು ತಂತಿಗಳು. ಇಷ್ಟು ವರ್ಷದಲ್ಲಿ ಒಂದು ಪಿಯಾನೋದ ಶ್ರುತಿಯನ್ನೂ ಬೇಕೆಂದೇ ಇಳಿಸಿದವಳಲ್ಲ. ಆದರೂ ವಿಡಿಯೊ ಹಾಕಿ, ಆ ತಾಯಿಯ ಒಂದೊಂದೇ ಸ್ವರ ಕೇಳಿ, ಒಂದೊಂದೇ ತಂತಿ ಸಡಿಲಿಸತೊಡಗಿದಳು.

ಮಧ್ಯೆ ಅಕ್ಕನ ಫೋನು. "ಎಲ್ಲಿದ್ದೀಯೇ? ಕಾಲಿಗೆ ಚಕ್ರ ಕಟ್ಕೊಂಡೋಳಿಗೆ ಊಟಾನಾದ್ರೂ ನೆನಪಿದೆಯಾ?"

"ಇಡೇ ಅಕ್ಕ, ಸ್ವರ ತಪ್ಪುತ್ತೆ!"

ಮೂರು ಗಂಟೆಗೆ ಅವನು ಮರಳಿ ಬಂದ.

"ಇನ್ನೂ ಏನು ಹಾಳು ಮಾಡೋದು ಬಾಕಿ ಇದೆ?"

ಅವಳು ತಲೆಯೆತ್ತಲಿಲ್ಲ. ಪರದೆಯಲ್ಲಿ ತಾಯಿ ಒತ್ತಿದ ಹೊತ್ತಿಗೇ ಇವಳೂ ಅದೇ ಕೀ ಒತ್ತಿದಳು. ಎರಡೂ ಸ್ವರ ಒಂದಾಗಿ ನಿಂತವು.

ಅವನ ಕೋಪವೂ ಅಲ್ಲೇ ನಿಂತಿತು. ಬಂದು ಬೆಂಚಿನ ಖಾಲಿ ತುದಿಯಲ್ಲಿ ಕೂತ.

"ಯಾವ ಕೀ ಒತ್ತಬೇಕು ಹೇಳಿ. ಕೈಗೊಬ್ಬರು ಇದ್ರೆ ಬೇಗ ಆಗುತ್ತೆ."

"ಇಳಿಸಿದ ತಂತಿ ಸುಮ್ನಿರಲ್ಲ," ಅಂದಳು ಒಂದು ಕೀ ತೋರಿಸಿ. "ಮತ್ತೆ ಮೇಲೇರೋಕೇ ನೋಡ್ತಿರುತ್ತೆ. ಪಳಗೋಕೆ ದಿನಗಟ್ಟಲೆ ಬೇಕು."

"ಕೊನೇ ಹಾಡಿನವರೆಗೆ ತಡೆಯುತ್ತಾ?"

"...ಗೊತ್ತಿಲ್ಲ. ಸುಳ್ಳು ಹೇಳಲ್ಲ ನಾನು."

ಅವನು ಮೊದಲ ಸಲ ನಕ್ಕ. ತಂತಿ ಇಳಿಸಲು ಕೂತವಳ ಎದೆಬಡಿತ ಏರಿತು! ಛೇ, ಇದೇನಿದು... ಬೆಳಿಗ್ಗೆ ತಾನೇ ಬೈದ ಮನುಷ್ಯ!

ಸಂಜೆ ಏಳಕ್ಕೆ ಸಭಾಂಗಣ ತುಂಬಿತು. ಪರದೆಯ ಮೇಲೆ ವಾದಕರ ಮನೆಗಳು ಒಂದೊಂದಾಗಿ ಬಂದವು: ಸ್ಯಾಕ್ಸೋಫೋನಿನವನ ಬೀಗ ಹಾಕಿದ ಬಾಗಿಲು, ಮಾವ ಆಡಿ ಬೆಳೆದ ಮೆಟ್ಟಿಲು. ಎಲ್ಲರೂ ಸಂಗೀತ ಕೇಳುತ್ತಿದ್ದರೆ, ವೇದಿಕೆ ಪಕ್ಕದ ತೆರೆಯ ಮರೆಯಲ್ಲಿ ಅವಳೊಬ್ಬಳು ತಂತಿಗಳನ್ನು ಕೇಳುತ್ತಿದ್ದಳು. ಇನ್ನೊಂದು ಹಾಡು... ಇನ್ನೊಂದೇ ಒಂದು...

"ಬಾರೋ ಮರಿ..."

ತಾಯಿ ಶುರು ಮಾಡಿದರು. ಮಗ ಸೇರಿಕೊಂಡ. ಹೊಂದಿತು! ಅವಳ ಕಣ್ಣು ತುಂಬಿತು.

ಅರ್ಧ ಹಾಡಿಗೆ ಮೇಲಿನ ಸ್ವರಗಳ ತಂತಿಗಳು ಶ್ರುತಿಯಿಂದ ಕದಲಿದವು. ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಅವಳಿಗೆ ತಿಳಿಯಿತು, ಅವನಿಗೂ.

ಅವನು ಕೈ ತೆಗೆದುಬಿಟ್ಟ.

ಜಾಜ್‌ನಲ್ಲಿ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದುಂಟು. ಆದರೆ ನುಡಿಸದೇ ಕೂರುವುದು? ಅವನು ಮಡಿಲಲ್ಲಿ ಕೈಯಿಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದ. ತಾಯಿ ಒಬ್ಬರೇ ಹಾಡು ಮುಗಿಸಿದರು.

ಮುಗೀತು. ಎಲ್ಲ ನನ್ನಿಂದಲೇ...

ಚಪ್ಪಾಳೆ ನಿಲ್ಲುವ ಮೊದಲೇ ಅವಳು ತನ್ನ ಸಲಕರಣೆಗಳ ಪೆಟ್ಟಿಗೆ ಹಿಡಿದು ಹಿಂಬಾಗಿಲಿನಿಂದ ಹೊರಬಿದ್ದಳು.

"ನಿಲ್ಲಿ! ರೀ, ನಿಲ್ಲಿ!"

ಅವನು ಓಡಿಬಂದ. ಅವಳು ತಿರುಗಲಾರದೆ ತಿರುಗಿದಳು.

"ಕ್ಷಮಿಸಿ. ತಂತಿ ತಡೀಲಿಲ್ಲ. ನಿಮ್ಮ ಹಾಡು ಅರ್ಧಕ್ಕೇ..."

"ಹತ್ತು ವರ್ಷದಿಂದ ಅಮ್ಮನ ಜೊತೆ ಜೊತೆಗೇ ನುಡಿಸ್ತಿದ್ದೆ," ಅಂದ ಏದುಸಿರಿನಲ್ಲಿ. "ಸುಮ್ನೆ ಕೂತು ಒಂದು ಸಲಾನೂ ಕೇಳಿರ್ಲಿಲ್ಲ. ಇವತ್ತು ಕೇಳಿದೆ... ಕೊನೇಲಿ ಅಮ್ಮ ನಗ್ತಾರೆ ರೀ! ಮೆಲ್ಲಗೆ! ನನ್ನ ಸದ್ದಲ್ಲಿ ಅದು ಮುಚ್ಚಿಹೋಗಿತ್ತು."

"ಆ ನಗು ನಾನು ಬೆಳಿಗ್ಗೆಯೇ ಕೇಳಿಸ್ಕೊಂಡಿದ್ದೆ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ..."

ಅವನು ಕಣ್ಣೊರೆಸಿಕೊಂಡ. "ನಾಳೆಯಿಂದ ಬೇರೆ ಬೇರೆ ಊರುಗಳಲ್ಲಿ ಕಾರ್ಯಕ್ರಮ. ನೀವೂ ಬನ್ನಿ. ಪಿಯಾನೋಗೆ ಅಂತ ಕರೀಬಹುದು, ಆದ್ರೆ ಅದು ಬರೀ ನೆಪ. ನಿಮ್ಮ ಪಕ್ಕ ಕೂತ ಮೇಲೆ ನನಗೆ ಏಳೋಕೇ ಮನಸ್ಸಾಗ್ಲಿಲ್ಲ. ನೀವು ನನಗೆ ತುಂಬಾ ಇಷ್ಟ ಆಗಿಬಿಟ್ಟಿದ್ದೀರಿ."

ಅವಳು ಪೆಟ್ಟಿಗೆಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ನನ್ನ ನಂಬ್ಕೋಬೇಡಿ. ಯಾರ ಮನೇಲೂ ಎರಡು ಗಂಟೆ ಮೇಲೆ ಕೂತವಳಲ್ಲ ನಾನು. ಕೆಲಸ ಮುಗೀತು, ಪೆಟ್ಟಿಗೆ ಮುಚ್ಚಿದೆ, ಹೊರಟೆ. ಅಷ್ಟೇ."

"ಇವತ್ತು ಎಷ್ಟು ಹೊತ್ತು ಕೂತಿದ್ರಿ?"

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

"...ಪಿಯಾನೋ ಮುಂದೇನೇ ಒಂಬತ್ತು ಗಂಟೆ."

"ಯಾವಾಗ ಎದ್ದು ಹೋಗ್ತೀನೋ ಅನ್ನಿಸ್ತಾ?"

"ಇಲ್ಲ," ಅಂದವಳು ತನ್ನ ಮಾತಿಗೆ ತಾನೇ ಬೆರಗಾದಳು. "ಒಂದು ಸಲಾನೂ ಅನ್ನಿಸ್ಲಿಲ್ಲ..."

"ಹಾಗಾದ್ರೆ ಪೆಟ್ಟಿಗೆ ಇಲ್ಲಿ ಕೊಡಿ."

"ಭಾರ ಇದೆ."

"ಇರ್ಲಿ ಬಿಡಿ."

ಅವಳು ಕೊಟ್ಟಳು.