ಹನಿ ನಿಲ್ಲದ ಮಡ್‌ಗಾರ್ಡ್

ಮಾರ್ಚ್ ನಾಲ್ಕು, ಸೋಮವಾರ. ಬೆಳಿಗ್ಗೆ ಏಳೂಕಾಲಕ್ಕೆ ದಕ್ಷಿಣ ಆಫ್ರಿಕದ ಕಿಂಬರ್ಲಿಯ ಗಲೆಶೇವೆ ಬಡಾವಣೆಯ ಠಾಣೆಗೆ ದಿಕೆಲೇದಿ ಎಂಬ ಹೆಂಗಸು ಬಂದು ದೂರು ಬರೆಸಿದಳು. ಅವಳ ಅಕ್ಕ ಕೆದಿಬೋನೆ ರಸ್ತೆ ಬದಿಯಲ್ಲಿ ಮಗ್ವಿನ್ಯಾ ಎಂಬ ಕರಿದ ಹಿಟ್ಟಿನ ಉಂಡೆ ಮಾರುವವಳು. ನಸುಕಿನ ಐದೂವರೆಗೆ ಯಾವುದೋ ಕಾರು ಗುದ್ದಿ ಹೋಗಿದೆ. ಸೊಂಟದ ಮೂಳೆ ಮುರಿದು ಮುಕ್ಕಾಲು ಗಂಟೆ ಮಣ್ಣಿನಲ್ಲೇ ಬಿದ್ದಿದ್ದಳು. ಈಗ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲ, ಉಳಿಯುವುದು ಅನುಮಾನ.

ಇನ್‌ಸ್ಪೆಕ್ಟರ್ ಸೆಲೆಕಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ತ್ಲಾಲೆಯೊಂದಿಗೆ ಹೋಗಿ ಸ್ಥಳ ಪಂಚನಾಮೆ ಮಾಡಿದರು. ಕೆದಿಬೋನೆಯ ತಳ್ಳುಗಾಡಿಯ ಅಂಚಿಗೆ ಕಡುಹಸಿರು ಬಣ್ಣ ಮೆತ್ತಿತ್ತು. ತಗುಲಿದ್ದು ಕಾರಿನ ಎಡಮುಂಭಾಗ. ಗ್ಯಾರೇಜುಗಳಲ್ಲಿ ವಿಚಾರಿಸಿದರೆ ಅಂಥ ಕಾರು ರಿಪೇರಿಗೆ ಬಂದೇ ಇಲ್ಲ. ಬಡಾವಣೆಯಲ್ಲಿ ಕಡುಹಸಿರು ಕಾರುಗಳು ಐದಿದ್ದವು.

ಹದಿನಾರನೇ ತಾರೀಕು ಶನಿವಾರ. ಶನಿವಾರ ಬಂತೆಂದರೆ ಗಲೆಶೇವೆಯ ಗಂಡಸರು ಹೆಂಡತಿಯ ಮುಖ ನೋಡುವ ಮೊದಲೇ ಕಾರಿನ ಮೈ ತಿಕ್ಕಲು ಕೂರುತ್ತಾರೆ. ತೊಳೆದು, ಪಾಲಿಶ್ ಹಾಕಿ, ಮೇಲೆ ಮೇಣ ಬಳಿದು ಮುಚ್ಚುತ್ತಾರೆ. ಸೆಲೆಕಾ, ತ್ಲಾಲೆ ಮನೆಮನೆಗೆ ಹೋಗಿ ನೋಡಿದ ನಾಲ್ಕು ಕಾರುಗಳಲ್ಲಿ ಏನೂ ಸಿಗಲಿಲ್ಲ. ಐದನೆಯದು ನಿವೃತ್ತ ಮಾಸ್ತರ್ ಸೆಬೇಗೊ ಅವರದು. ಊರಿನ ಮದುಮಗಳು ಕೂರುವುದೇ ಅದರಲ್ಲಿ. ಒಂದು ತಗ್ಗಿಲ್ಲ, ಒಂದು ಗೆರೆಯಿಲ್ಲ, ಕನ್ನಡಿಯ ಹಾಗಿತ್ತು.

ತ್ಲಾಲೆಗೂ ಅದೇ ಹುಚ್ಚು. ಬಕೆಟ್ ನೀರು ಕೇಳಿ ಸುರಿದ. ಮೇಣ ಬಳಿದ ಬಾನೆಟ್ಟಿನ ಮೇಲೆ, ಬಾಗಿಲ ಮೇಲೆ ನೀರು ಮಣಿಮಣಿಯಾಗಿ ನಿಂತಿತು. ಎಡ ಮಡ್‌ಗಾರ್ಡಿನ ಮೇಲೆ ಮಾತ್ರ ಹಾಳೆಯಂತೆ ಹರಡಿತು.

"ಮಾಸ್ತರೇ, ಇದೊಂದಕ್ಕೆ ಯಾಕೆ ಮೇಣ ಹಾಕಿಲ್ಲ?"

"ಮರ್ತಿರ್ಬೇಕು."

"ನೀವಾ? ಚಕ್ರದ ನಟ್ಟಿಗೂ ಹಲ್ಲುಜ್ಜೋ ಬ್ರಶ್ ಹಾಕೋರು! ಹೊಸ ಬಣ್ಣ ಅಲ್ವಾ ಇದು?"

ಹೊಸ ಬಣ್ಣಕ್ಕೆ ಒಂದು ತಿಂಗಳು ಮೇಣ ತಾಕಿಸಬಾರದು. ಒಳಗಿನ ಹಸಿ ಆರದೆ ಬೊಕ್ಕೆ ಏಳುತ್ತದೆ. ಕಾರಿನ ಮೇಲೆ ಅಕ್ಕರೆಯಿಲ್ಲದವನಾಗಿದ್ದರೆ ಮೇಣ ಬಳಿದು ತಪ್ಪಿಸಿಕೊಳ್ಳುತ್ತಿದ್ದ. ಬಣ್ಣ ಕೆಡಿಸಲು ಸೆಬೇಗೊಗೆ ಕೈ ಬಂದಿರಲಿಲ್ಲ. ಶೆಡ್ಡಿನಲ್ಲಿ ತಾವೇ ತಗ್ಗು ಎತ್ತಿ ಬಣ್ಣ ಹೊಡೆದದ್ದನ್ನು ಒಪ್ಪಿಕೊಂಡರು. ಪಂಚರ ಎದುರು ಬಣ್ಣದ ಡಬ್ಬಿಯನ್ನೂ ಕಾರನ್ನೂ ಜಪ್ತಿ ಮಾಡಿ, ಹನ್ನೊಂದು ಹತ್ತಕ್ಕೆ ಅವರನ್ನು ಬಂಧಿಸಲಾಯಿತು.

ಜೀಪಿನಲ್ಲಿ ಸೆಲೆಕಾ ಕೇಳಿದರು, "ಯಾಕೆ ನಿಲ್ಲಿಸ್ಲಿಲ್ಲ?"

"ನಿಲ್ಲಿಸ್ದೆ. ಇಳಿದೂ ಇಳಿದೆ."

"ಮತ್ತೆ?"

"ಕೈ ಮೊದ್ಲು ಮಡ್‌ಗಾರ್ಡ್ ಮೇಲೆ ಹೋಯ್ತು. ಸವರಿ ನೋಡ್ತಾ ಇದ್ದೆ. ತಲೆ ಎತ್ತಿದ್ರೆ ಅವಳು ನನ್ನೇ ನೋಡ್ತಿದ್ಲು. ಆಮೇಲೆ ಅವಳ ಹತ್ರ ಹೋಗೋಕೆ ನಂಗೆ ಮುಖ ಇರ್ಲಿಲ್ಲಮ್ಮ."

ಹೆದರಿ ಓಡಿದವರನ್ನು ಸೆಲೆಕಾ ಬೇಕಾದಷ್ಟು ಕಂಡಿದ್ದರು. ನಾಚಿಕೆಗೆ ಓಡಿದವರು ಇವರೇ ಮೊದಲು. ಅವರಿಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು.

ಮಂಗಳವಾರ ಕೆದಿಬೋನೆಗೆ ಎಚ್ಚರ ಬಂತು. ಹೇಳಿಕೆ ಪಡೆಯಲು ಹೋದಾಗ ಅವಳಿಗೆ ನೆನಪಿದ್ದದ್ದು ಇಷ್ಟೇ:

"ಕಾರ್ ನಿಂತು ಯಾರೋ ಇಳಿದ್ರು. ಸದ್ಯ, ಬದುಕಿದೆ ಅಂದ್ಕೊಂಡೆ."