ಕೊನೆ ನೋಡಿದವಳು

"ಏಳೇ ಮಗಾ, ಬಸ್ಸು ಹೋಗ್ಬುಡುತ್ತೆ!"

ಈರಮ್ಮಜ್ಜಿ ಮಧುಶ್ರೀಯ ಕೈ ಹಿಡಿದು ಎಳೆದಳು. ಪರದೆಯ ಮೇಲೆ ವಿಲನ್ ಒಬ್ಬ ಹೆಂಗಸನ್ನು ಗೋಡೌನಿನ ಕಂಬಕ್ಕೆ ಕಟ್ಟಿಹಾಕಿದ್ದ. ಅವಳು ಟೀ ಅಂಗಡಿ ನಡೆಸುವವಳು. ಲಾರಿ ಡ್ರೈವರ್ ಹೀರೋ ದಿನಾ ಅವಳ ಕೈಯಿಂದಲೇ ಟೀ ಕುಡಿಯುತ್ತಾನೆ. ಅವಳೇ ತನ್ನ ಹೆತ್ತ ತಾಯಿ ಎಂದು ಅವನಿಗೆ ಗೊತ್ತೇ ಇಲ್ಲ! ಇಂಥ ಹೊತ್ತಲ್ಲಿ ಯಾರಾದರೂ ಏಳುತ್ತಾರೆಯೇ?

ಮಧುಶ್ರೀಯ ಊರಿನವರು ಏಳುತ್ತಾರೆ. ಅವರದು ಹೆತ್ತೂರಿನ ಆಚೆಯ ಸಣ್ಣ ಹಳ್ಳಿ. ಸಕಲೇಶಪುರದಿಂದ ಅಲ್ಲಿಗೆ ಹೋಗುವ ಕೊನೆ ಬಸ್ಸು ಮ್ಯಾಟಿನಿ ಮುಗಿಯುವ ಮೊದಲೇ ಹೊರಡುತ್ತದೆ. ಊರಲ್ಲಿದ್ದ ಒಂದೇ ಟಿವಿಯಲ್ಲಿ ಚುಕ್ಕಿಗಳು ಬಿಟ್ಟರೆ ಬೇರೇನೂ ಕಾಣದು. ಹಾಗಾಗಿ ಆ ಊರಲ್ಲಿ ಸಿನಿಮಾದ ಕೊನೆ ನೋಡಿದವರು ಯಾರೂ ಇರಲಿಲ್ಲ.

ಹಾಗಂತ ಸುಮ್ಮನಿರುವ ಜನವೇ ಅವರು? ಬಸ್ಸು ಹತ್ತಿದ್ದೇ ತಡ, ಒಬ್ಬೊಬ್ಬರೂ ಒಂದೊಂದು ಕೊನೆ ಕಟ್ಟುತ್ತಿದ್ದರು. ಹಾಡು ಸಪ್ಪೆ, ಫೈಟು ಸೂಪರ್, ಹೀರೋಯಿನ್‌ಗೆ ಅಳೋಕೆ ಬರಲ್ಲ ಎಂದು ತೀರ್ಪು ಕೊಡುತ್ತಿದ್ದರು. ಮಧುಶ್ರೀ ಬಾಯಿ ತೆರೆದರೆ ಮಾತ್ರ, "ಚಿಕ್ಕೋಳು ನಿಂಗೇನ್ ಗೊತ್ತಾಯ್ತದೆ, ಸುಮ್ಕಿರು" ಎನ್ನುತ್ತಿದ್ದರು. ಅದೇ ಅವಳಿಗೆ ಉರಿ.

ಆ ಭಾನುವಾರ ಜಗದಾಂಬ ಚಿಕ್ಕಮ್ಮ ಪಕ್ಕದಲ್ಲೇ ಕೂತಿದ್ದಳು. ಅವಳ ಮನೆ ಸಕಲೇಶಪುರದಲ್ಲೇ.

"ಇವತ್ತೊಂದಿನ ಇವ್ಳು ನಮ್ಮನೇಲಿರ್ಲಿ ಬುಡವ್ವ. ಪಾಪ, ಪೂರ್ತಿ ನೋಡ್ಲಿ. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹತ್ತಿಸ್ತೀನಿ" ಎಂದಳು.

ಅಜ್ಜಿ ಒಂದು ಗಳಿಗೆ ಯೋಚಿಸಿ, ಸೆರಗು ಸರಿಮಾಡಿಕೊಂಡು ಓಡಿದಳು. ಮಧುಶ್ರೀ ಸಿನಿಮಾದ ಕೊನೆಯವರೆಗೂ ಕೂತಳು. ಅವಳ ಊರಿನಲ್ಲಿ ಅವಳೇ ಮೊದಲು!

ಸೋಮವಾರ ಬಸ್ಸಿಳಿದು ನೇರ ಸ್ಕೂಲಿಗೆ ಹೋದಳು. ಅಲ್ಲಿ ಯಾರಿಗೂ ಬಾಯಿ ಬಿಡಲಿಲ್ಲ. ಹೇಳಿದರೆ ದೊಡ್ಡವರ ಎದುರಿಗೇ ಹೇಳಬೇಕು. ಆಗ ನೋಡೋಣ, ಯಾರು ಸುಮ್ಕಿರು ಅಂತಾರೆ!

ಸಂಜೆ ಅವಳ ಮನೆಯ ಕಣದಲ್ಲಿ ಒಣಹಾಕಿದ ಕಾಫಿಯನ್ನು ಗುಡ್ಡೆ ಮಾಡುತ್ತಿದ್ದರು. ಇಬ್ಬನಿ ಬೀಳುವ ಮೊದಲು ಟಾರ್ಪಾಲು ಹೊದಿಸಬೇಕು. ನಿನ್ನೆ ಅದೇ ಸಿನಿಮಾ ನೋಡಿ ಬಂದಿದ್ದ ನೆರೆಮನೆಯ ಗಿಡ್ಡಯ್ಯ ತಾತ, ರಾಮಮ್ಮ ಕೈಜೋಡಿಸಲು ಬಂದಿದ್ದರು. ಕೈಗಿಂತ ಬಾಯಿಯೇ ಜೋರಾಗಿ ನಡೆದಿತ್ತು.

"ಹೀರೋ ಲಾರಿ ತಗೊಂಡು ಗೋಡೌನ್ ಗೋಡೆಗೆ ಗುದ್ತಾನೆ ಕಣ್ರೀ!" ಗಿಡ್ಡಯ್ಯ ತಾತ ಪೊರಕೆಯನ್ನೇ ಸ್ಟೇರಿಂಗ್ ಮಾಡಿಕೊಂಡು ತಿರುಗಿಸಿದ. "ಗೋಡೆ ಪುಡಿ ಪುಡಿ!"

"ಒಳಗೆ ತಾಯೀನ ಕಟ್ಟಾಕವ್ರೆ, ಅವ್ಳ ಮೇಲೆ ಗೋಡೆ ಬೀಳಾಕಿಲ್ವಾ? ಒಳ್ಳೆ ಮಾರಾಯ ನೀನು!" ರಾಮಮ್ಮ ನಕ್ಕಳು. "ವಿಲನ್ನೇ ಮನಸ್ಸು ಬದಲಾಯಿಸ್ತಾನೆ, ನೋಡು."

"ಆ ಮೂತಿ ನೋಡಿದ್ರೆ ಬದಲಾಗೋನ ಥರ ಐತಾ?" ಎಂದಳು ಅಜ್ಜಿ. "ಮಗ ಬಿಡಿಸ್ಕೊಂಡು ಮನೆಗೆ ಕರ್ಕೊಂಡು ಬರ್ತಾನೆ. ಅವ್ಳು ಮೊದ್ಲು ಒಲೆ ಹಚ್ತಾಳೆ. ಇಷ್ಟ್ ವರ್ಷ ಟೀ ಕೊಟ್ಟವ್ಳು, ಅವತ್ತು ಬಿಸಿ ಅನ್ನ ಕಲಸಿ ತುತ್ತು ಕೊಡ್ತಾಳೆ."

"ನಿಮ್ದ್ಯಾವ್ದೂ ಅಲ್ಲ!" ಮಧುಶ್ರೀ ಕಣದ ನಡುವೆ ನಿಂತು ಕೂಗಿದಳು. "ನಾನು ನೋಡ್ದೆ! ಹೀರೋ ಹಗ್ಗ ಬಿಚ್ಚಿದ ತಕ್ಷಣ ವಿಲನ್ ಅವ್ನಿಗೆ ಶೂಟ್ ಮಾಡ್ತಾನೆ. ಗುಂಡು ಅಡ್ಡ ಬಂದ ಆಯಮ್ಮಂಗೆ ಬೀಳುತ್ತೆ. ಹೀರೋ ತೊಡೆ ಮೇಲೇ ಸತ್ತು ಹೋಗ್ತಾಳೆ!"

ಈ ಸಲ ಯಾರೂ ಸುಮ್ಕಿರು ಎನ್ನಲಿಲ್ಲ. ಎಲ್ಲರೂ ತಾವೇ ಸುಮ್ಮನಾದರು.

"ಒಂದ್ ತುತ್ತೂ ಉಣ್ಣಿಸ್ಲಿಲ್ವಾ?" ಅಜ್ಜಿ ಮೆಲ್ಲಗೆ ಕೇಳಿದಳು.

"ಇಲ್ಲ ಅಜ್ಜಿ. 'ಮಗನೇ' ಅಂತಾಳೆ, ಸಾಯ್ತಾಳೆ. ಅಷ್ಟೇ, ಸಿನಿಮಾ ಮುಗೀತು."

"ಓಹೋ" ಎಂದ ಗಿಡ್ಡಯ್ಯ ತಾತ. ಪೊರಕೆ ಮತ್ತೆ ಪೊರಕೆಯಾಯಿತು. ರಾಮಮ್ಮ ಟಾರ್ಪಾಲಿನ ಅಂಚಿಗೆ ಕಲ್ಲು ಹೇರಿದಳು.

ಮಧುಶ್ರೀ ಒಬ್ಬೊಬ್ಬರನ್ನೇ ನೋಡಿದಳು. ಗೆದ್ದಿದ್ದು ತಾನೇ ಅಲ್ಲವೇ? ಮತ್ತೆ ಯಾಕೆ ಹೀಗೆ? ಇನ್ನೂ ವಾರವಿಡೀ ನಡೆಯಬೇಕಿದ್ದ ಜಗಳವನ್ನು ಅವಳು ಒಂದೇ ಮಾತಿಗೆ ಮುಗಿಸಿಬಿಟ್ಟಿದ್ದಳು. ಅಜ್ಜಿಯ ಮುಖವನ್ನಂತೂ ನೋಡಲಾಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳು ಅಜ್ಜಿಯ ಪಕ್ಕ ಹೋಗಿ ಕಾಫಿ ಬಾಚತೊಡಗಿದಳು.

"ನಂಗೆ ಆ ಕೊನೆ ಇಷ್ಟಾನೇ ಆಗ್ಲಿಲ್ಲ ಅಜ್ಜಿ. ಪಿಸ್ತೂಲಿಗೆ ಅಡ್ಡ ಹೋಗೋಕೆ ಅಲ್ಲಿ ಅಷ್ಟೊಂದು ಜನ ಪೊಲೀಸ್ರಿದ್ರು. ಸುಮ್ನೆ ನಿಂತಿದ್ರು!"

"ಪೊಲೀಸ್ರು ಬಂದಿದ್ರಾ?" ಗಿಡ್ಡಯ್ಯ ತಾತನ ಕಿವಿ ನೆಟ್ಟಗಾಯಿತು. "ಬಂದೋರು ಏನ್ ಕಡ್ಲೆಕಾಯಿ ತಿಂತಿದ್ರಾ? ಪಿಚ್ಚರ್ ತೆಗೆದೋನಿಗೆ ತಲೆ ಇಲ್ಲ ಕಣಮ್ಮ!"

"ಅಷ್ಟು ಒಳ್ಳೆ ಕತೆನ ಹಾಳು ಮಾಡ್ಬುಟ್ಟ!" ರಾಮಮ್ಮ ಕಲ್ಲನ್ನು ಧೊಪ್ಪನೆ ಇಟ್ಟಳು.

"ಅನ್ನ ಉಣ್ಣಿಸೋ ಸೀನು ಇಟ್ಟಿದ್ರೆ ಅವ್ನ ಗಂಟೇನು ಹೋಗ್ತಿತ್ತು?" ಎಂದಳು ಅಜ್ಜಿ. ಮಾತು ಮತ್ತೆ ಹತ್ತಿಕೊಂಡಿತು. ಪೊಲೀಸರು ಎಷ್ಟು ದೂರದಲ್ಲಿ ನಿಂತಿದ್ದರು ಎಂದು ಮೂವರೂ ಮಧುಶ್ರೀಯನ್ನೇ ಕೇಳಿ ಕೇಳಿ ಅವರನ್ನು ಬೈದರು.

ಕತ್ತಲಾಗುತ್ತಾ ಬಂತು. ಎಲ್ಲರೂ ಹೊರಟ ಮೇಲೆ ಅಜ್ಜಿ ಟಾರ್ಪಾಲಿನ ಹಗ್ಗ ಬಿಗಿಯುತ್ತಾ ಹೇಳಿದಳು, "ಬರೋ ಭಾನ್ವಾರ ಹೊಸ ಪಿಚ್ಚರ್ ಅಂತೆ. ನೀನು ಚಿಕ್ಕಮ್ಮನ ಜೊತೆ ಕೂತು ಪೂರ್ತಿ ನೋಡ್ಕೊಂಡು ಬಾ ಮಗಾ. ನಿಂಗೆ ಆಸೆ ಐತಲ್ಲ."

ಆಸೆ ಇತ್ತು. ಬೇಕಾದಷ್ಟು ಇತ್ತು.

"ಬ್ಯಾಡ ಅಜ್ಜಿ, ನಾನೂ ನಿಮ್ ಜೊತೆ ಬಸ್ಸಿಗೆ ಬರ್ತೀನಿ."

"ಮತ್ತೆ ಕೊನೆ?"

ಮಧುಶ್ರೀ ಅಜ್ಜಿಯ ಸೆರಗಿನೊಳಗೆ ತೂರಿಕೊಂಡಳು.

"ನೀನ್ ಹೇಳ್ತೀಯಲ್ಲ" ಎಂದಳು.