ಹದಿನೇಳನೇ ಮೇಕೆಯ ಚಾರ್ಟು

1996ರ ಜೂನ್ 18, ಮಂಗಳವಾರ. ಬೆಳಗ್ಗೆ 9-40ಕ್ಕೆ ಪೊಮೊನಾ ಠಾಣೆಗೆ ದೂರು ಬಂತು: ಖಾಸಗಿ ಪಶುರೋಗ ಪ್ರಯೋಗಾಲಯದಿಂದ ಮೇಕೆಯೊಂದು ಕಳವು. ನಮ್ಮೂರಿನಲ್ಲಾಗಿದ್ದರೆ ಎಫ್‌ಐಆರ್ ಎನ್ನುತ್ತಿದ್ದರು, ಈ ಪರದೇಶದಲ್ಲಿ ರಿಪೋರ್ಟ್. ತಲೆನೋವು ಮಾತ್ರ ಅದೇ. ಡಿಟೆಕ್ಟಿವ್ ವೆಂಕಟಾಚಲ ಹನ್ನೊಂದು ವರ್ಷದಲ್ಲಿ ಕಾರುಗಳ್ಳರನ್ನು ಹಿಡಿದಿದ್ದರೇ ಹೊರತು ಮೇಕೆಗಳ್ಳರನ್ನಲ್ಲ. ಜೊತೆಯ ಪೊಲೀಸ್ ಗೋಮೆಜ್ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದ.

ಪ್ರಯೋಗಾಲಯದ ಮುಖ್ಯಸ್ಥೆ ಡಾ. ಕುಮುದಾ ಬೆಂಗಳೂರಿನವರು.

"ಮೇಕೆಗೆ ಏನಾಗಿತ್ತು ಮೇಡಂ?"

"ಮಿದುಳಿಗೆ ಬ್ಯಾಕ್ಟೀರಿಯಾ ಸೋಂಕು. ಬೆನ್ನುಹುರಿ ನೀರಲ್ಲಿ ಸಿ.ಕೆ. ಅನ್ನೋ ಕಿಣ್ವ ಏರಿತ್ತು. ಔಷಧಿ ಹಿಡಿದ್ರೆ ಅದು ಇಳೀಬೇಕು. ನಾಲ್ಕು ದಿನ ಕಾದ್ವಿ, ಇಳೀಲಿಲ್ಲ. ಇವತ್ತು ಹತ್ತಕ್ಕೆ ಇಂಜೆಕ್ಷನ್ ಕೊಟ್ಟು ಮುಗಿಸೋದಿತ್ತು."

"ಬೇಡ ಅಂದವರು?"

"ಟೆಕ್ನಿಶಿಯನ್ ಮೋನಪ್ಪ ಇನ್ನೊಂದು ವಾರ ಕೇಳಿದ್ರು. ಪಾಪದ ಮನುಷ್ಯ, ಅವರಲ್ಲ ಬಿಡಿ."

ಮೋನಪ್ಪ ಕಾರ್ಕಳದಲ್ಲಿ ಇಪ್ಪತ್ತೆರಡು ವರ್ಷ ಪಶುವೈದ್ಯರಾಗಿದ್ದವರು. ಇಲ್ಲಿ ಲೈಸೆನ್ಸ್ ಇಲ್ಲದೆ ಟೆಕ್ನಿಶಿಯನ್.

"ನಿನ್ನೆ ಸಂಜೆ ಎಲ್ಲಿದ್ರಿ?"

"ಮಗಳ ಮನೆಗೆ ಹೋದದ್ದು ಮಾರಾಯ್ರೆ. ರ್ಯಾಂಚೊ ಪೆನಾಸ್ಕಿಟೋಸ್‌ಗೆ."

"ಮೇಕೆ?"

"ನನಗೆ ಎಂಥಕ್ಕೆ ಮೇಕೆ?"

ಆರು ದಿನ ಕೇಸು ಮಿಸುಕಾಡಲಿಲ್ಲ. ಸೋಮವಾರ 24ರಂದು 11-15ಕ್ಕೆ ಫೈಲು ಮುಚ್ಚಲೆಂದು ಹೋದ ವೆಂಕಟಾಚಲ ಸುಮ್ಮನೆ ಕಳವಾದ ಮೇಕೆಯ, ಅಂದರೆ ಹದಿನೇಳನೇ ಮೇಕೆಯ, ಚಾರ್ಟು ನೋಡಿದರು. ಮೇಕೆ ಮಾಯವಾದದ್ದು 17ರ ಸಂಜೆ. ಚಾರ್ಟಿನಲ್ಲಿ 20ರ ಲೆಕ್ಕವಿತ್ತು, 22ರದ್ದೂ ಇತ್ತು. ಫ್ರಿಜ್ಜಿನಲ್ಲಿ ಬೆನ್ನುಹುರಿ ನೀರಿನ ಎರಡು ಟ್ಯೂಬುಗಳು, ಮೇಲೆ ದಿನಾಂಕ, ಸಮಯ, ಮೋನಪ್ಪನವರ ಮುತ್ತಿನಂಥ ಅಕ್ಷರ. ಅಯ್ಯೋ ದೇವರೇ, ಮೇಕೆ ಕದ್ದ ಮಹಾನುಭಾವ ಅದರ ಸ್ಯಾಂಪಲ್ಲನ್ನು ಮಾತ್ರ ತಪ್ಪದೆ ಡ್ಯೂಟಿಗೆ ತಂದಿದ್ದಾರೆ!

"ಇದನ್ನ ಯಾಕೆ ಬರೆದ್ರಿ?"

ಮೋನಪ್ಪ ಕನ್ನಡಕ ಒರೆಸಿಕೊಂಡರು. "ಚಾರ್ಟ್ ಖಾಲಿ ಬಿಡ್ಲಿಕ್ಕೆ ಆಗ್ತದಾ?"

ವಾರಂಟ್ ಹಿಡಿದು 4-20ಕ್ಕೆ ಪೆನಾಸ್ಕಿಟೋಸ್‌ನ ಆ ಮಗಳ ಮನೆ ತಲುಪಿದರು. ಅಲ್ಲೇ ಇರುವ ಮೋನಪ್ಪನವರ ಹೆಂಡತಿ ರತ್ನಾವತಿ, ಇವರು ಕೇಳುವ ಮೊದಲೇ ಗರಾಜ್ ಬಾಗಿಲೆತ್ತಿದರು.

"ಒಮ್ಮೆ ತಕೊಂಡು ಹೋಗಿ. ಏಳು ವರ್ಷ ಸಾಕಿದ ಕರಿಬೇವಿನ ಗಿಡ, ಬುಡ ಮಾತ್ರ ಉಳಿದದ್ದು."

ಗೋಮೆಜ್ ಪಂಚನಾಮೆ ಬರೆದ: ಮೇಕೆ ಒಂದು, ಐಸ್ ಪೆಟ್ಟಿಗೆ ಒಂದು, ಔಷಧಿ ಬಾಟಲಿ ಮೂರು. ಬರೆಯುತ್ತಿದ್ದ ಹಾಳೆಯ ಮೂಲೆಯನ್ನು ಮೇಕೆ ತಿಂದಿತು. ಮಿದುಳು ಜ್ವರದಲ್ಲಿ ತಲೆ ಎತ್ತಲಾರದೆ ಬಿದ್ದಿದ್ದ ಪ್ರಾಣಿ ಅದು.

ಠಾಣೆಯಲ್ಲಿ 7-05ಕ್ಕೆ ಮೋನಪ್ಪನವರ ಬಂಧನ ದಾಖಲಾಯಿತು. ಅಷ್ಟರಲ್ಲಿ ಕುಮುದಾ ಚಾರ್ಟು ಹಿಡಿದು ಬಂದರು. ಕಳವಿಗೆ ಮೊದಲು ನೂರನಲವತ್ತು, 20ಕ್ಕೆ ಎಂಬತ್ತೆಂಟು, 22ಕ್ಕೆ ಮೂವತ್ತೊಂದು. ಕಿಣ್ವ ಇಳಿದಿತ್ತು.

"ಇಂಜೆಕ್ಷನ್ ಕ್ಯಾನ್ಸಲ್ ಮಾಡ್ದೆ," ಎಂದರು. ಆಮೇಲೆ ದನಿ ತಗ್ಗಿಸಿ, "ಸರ್, ಇವರನ್ನ ಬುಧವಾರದೊಳಗೆ ಬಿಡ್ತೀರಾ? ಮುಂದಿನ ಸ್ಯಾಂಪಲ್ ತೆಗೆಯೋಕೆ ಇವರೇ ಬೇಕು."

ವೆಂಕಟಾಚಲರಿಗೆ ನಗು ಬಂತು. ಹೇಳಿಕೆಯ ಕೊನೆಯ ಸಾಲಿಗೆ ಪೆನ್ನು ಹಿಡಿದು, "ಯಾಕೆ ಕದ್ರಿ ಅಂಕಲ್?" ಎಂದು ಕೇಳಿದರು.

"ಕಾರ್ಕಳದಲ್ಲಿ ಲ್ಯಾಬ್ ಎಲ್ಲಿತ್ತು? ಕಣ್ಣಂದಾಜಿನಲ್ಲೇ, ಇದು ಉಳಿಯುವುದಿಲ್ಲ ಅಂತ ಎಷ್ಟು ಪ್ರಾಣಿಗೆ ಕೊನೆಯ ಸೂಜಿ ಚುಚ್ಚಿದೆನೋ. ಒಂದು ವಾರ ಕಾದಿದ್ದರೆ ಅದರಲ್ಲಿ ಎಷ್ಟು ಬದುಕ್ತಿತ್ತು ಅಂತ ನನಗೆ ಗೊತ್ತಿಲ್ಲ," ಎಂದರು ಮೋನಪ್ಪ. "ಇದೊಂದರದ್ದಾದರೂ ಗೊತ್ತಾಗಬೇಕಿತ್ತು."